ಹದಿನಾಲ್ಕು ಸಾವಿರಕ್ಕೆ ‘ಐ7’ ಕಂಪ್ಯೂಟರ್! ಈ ಆನ್‌ಲೈನ್ ಆಫರ್ ನಂಬಬಹುದೇ?

“ಐ7 ಪ್ರೊಸೆಸರ್, 16 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 2 ಜಿಬಿ ಗ್ರಾಫಿಕ್ಸ್ ಕಾರ್ಡ್, ಮಾನಿಟರ್, ಕೀಬೋರ್ಡ್, ಮೌಸ್, ವೈಫೈ ಎಲ್ಲಾ ಸೇರಿ ಕೇವಲ 13,999 ರೂಪಾಯಿ! ಆಫರ್ ಇವತ್ತೇ ಕೊನೆ. ಎಲ್ಲಾ ಗ್ರೂಪ್‌ಗೂ ಕಳಿಸಿ.”

ಶಾಲೆ-ಕಾಲೇಜು ಶುರುವಾಗುವ ಹೊತ್ತಿಗೆ, ಹಬ್ಬದ ಸೇಲ್ ಬಂದಾಗ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತದೆ. ಅದರ ಕೆಳಗೇ ಯಾರಾದರೂ ಒಬ್ಬರು “ಅಸೆಂಬಲ್ ಮಾಡಿದ್ದೆಲ್ಲ ಡೂಪ್ಲಿಕೇಟ್, ತಗೋಬೇಡಿ” ಎಂದು ಬರೆದಿರುತ್ತಾರೆ. ಮಗಳ ಓದಿಗೆಂದು ಕಷ್ಟಪಟ್ಟು ಹಣ ಕೂಡಿಟ್ಟ ತಂದೆ-ತಾಯಿ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಯಾವುದು ನಿಜ?

ಚಿಕ್ಕ ಉತ್ತರ: ಎರಡೂ ಅರ್ಧ ಸತ್ಯ. ಅಸೆಂಬಲ್ ಮಾಡಿದ ಕಂಪ್ಯೂಟರ್ ಎಂದ ಮಾತ್ರಕ್ಕೆ ಅದು ನಕಲಿಯಲ್ಲ. ಹಾಗೆಯೇ ‘ಐ7’ ಎಂದು ಬರೆದಿದ್ದಾರೆ ಎಂಬ ಮಾತ್ರಕ್ಕೆ ಅದು ಒಳ್ಳೆಯದೂ ಅಲ್ಲ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದಕ್ಕಿಂತ ಅದರಲ್ಲಿ ಬರೆಯದೆ ಬಿಟ್ಟದ್ದೇ ಕಂಪ್ಯೂಟರಿನ ಗುಣಮಟ್ಟವನ್ನು ಹೇಳುತ್ತದೆ. ಬಿಟ್ಟದ್ದು ಏನು, ಅದನ್ನು ನೀವೇ ಕಂಡುಹಿಡಿಯುವುದು ಹೇಗೆ ಎಂದು ನೋಡೋಣ.

ಅಸೆಂಬಲ್ಡ್ ಅಂದರೆ ಡೂಪ್ಲಿಕೇಟಾ?

ಇದಕ್ಕೆ ಉತ್ತರ ಸಿಗಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1981ರ ಆಗಸ್ಟ್‌ನಲ್ಲಿ ಅಮೆರಿಕದ ಐಬಿಎಂ ಕಂಪನಿ ತನ್ನ ‘ಪರ್ಸನಲ್ ಕಂಪ್ಯೂಟರ್’ ಬಿಡುಗಡೆ ಮಾಡಿತು. ಅದರ ಆರಂಭಿಕ ಬೆಲೆ 1,565 ಡಾಲರ್. ಬೇಗ ಮಾರುಕಟ್ಟೆಗೆ ತರುವ ಅವಸರದಲ್ಲಿ ಐಬಿಎಂ ಹೆಚ್ಚಿನ ಭಾಗಗಳನ್ನು ಹೊರಗಿನಿಂದಲೇ ಕೊಂಡಿತ್ತು. ಪ್ರೊಸೆಸರ್ ಇಂಟೆಲ್‌ನದು, ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್‌ನದು. ಅಂದರೆ ಅದೇ ಭಾಗಗಳನ್ನು ಬೇರೆಯವರೂ ಕೊಳ್ಳಬಹುದಿತ್ತು.

ಐಬಿಎಂಗೇ ಸೇರಿದ್ದು ಮುಖ್ಯವಾಗಿ ‘ಬಯೋಸ್’ ಎಂಬ ಪುಟ್ಟ ತಂತ್ರಾಂಶ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಮೊದಲು ಎಚ್ಚರವಾಗಿ, ಉಳಿದ ಭಾಗಗಳನ್ನು ಎಬ್ಬಿಸುವ ಕೆಲಸ ಅದರದ್ದು. ಅದನ್ನು ಹಾಗೇ ನಕಲು ಮಾಡಿದರೆ ಕಾನೂನಿನ ಪ್ರಕಾರ ಅಪರಾಧ. ಹಾಗಾಗಿ 1982ರಲ್ಲಿ ಶುರುವಾದ ಕಾಂಪ್ಯಾಕ್ ಕಂಪನಿ ಬೇರೆ ದಾರಿ ಹಿಡಿಯಿತು. ಒಂದು ತಂಡ ಐಬಿಎಂ ಬಯೋಸ್ ಏನೇನು ಕೆಲಸ ಮಾಡುತ್ತದೆ ಎಂದು ಮಾತ್ರ ಬರೆದುಕೊಟ್ಟಿತು. ಮೂಲವನ್ನು ನೋಡಿಯೇ ಇರದ ಇನ್ನೊಂದು ತಂಡ, ಆ ಪಟ್ಟಿ ಓದಿ ಹೊಸದಾಗಿ ಬಯೋಸ್ ಬರೆಯಿತು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇಂಥದೇ ಬಯೋಸ್ ಸಿದ್ಧಪಡಿಸಿ, ಬೇಕೆಂದವರಿಗೆಲ್ಲ ಮಾರಲು ತೊಡಗಿತು. ಆಮೇಲೆ ಯಾರು ಬೇಕಾದರೂ ಭಾಗ ತಂದು ಜೋಡಿಸಿ ‘ಐಬಿಎಂ ಕ್ಲೋನ್’ ಮಾಡುವಂತಾಯಿತು.

1984ರಲ್ಲಿ ಟೆಕ್ಸಸ್‌ನ ಕಾಲೇಜು ವಿದ್ಯಾರ್ಥಿ ಮೈಕಲ್ ಡೆಲ್, 1985ರಲ್ಲಿ ಅಯೋವಾದ ಹೊಲದ ಮನೆಯೊಂದರಿಂದ ಗೇಟ್‌ವೇ ಕಂಪನಿ – ಇಬ್ಬರೂ ಇದೇ ವ್ಯಾಪಾರಕ್ಕೆ ಇಳಿದರು. ಪತ್ರಿಕೆಯಲ್ಲಿ ಜಾಹೀರಾತು, ಫೋನಿನಲ್ಲಿ ಆರ್ಡರ್, ಪಾರ್ಸೆಲ್‌ನಲ್ಲಿ ಕಂಪ್ಯೂಟರ್. ಅಂಗಡಿಯೇ ಇಲ್ಲ. ಇವತ್ತಿನ ಆನ್‌ಲೈನ್ ಶಾಪಿಂಗ್‌ನ ಅಜ್ಜ ಎನ್ನಬಹುದು. ಇಂದು ನಾವು ‘ಕಂಪನಿ ಮಾಲು’ ಎನ್ನುವ ಡೆಲ್ ಕೂಡ ಶುರುವಾದದ್ದು ಹೀಗೆ ಜೋಡಿಸಿದ ಕ್ಲೋನ್‌ನಿಂದಲೇ!

ಆದರೆ ಆಗಲೂ ಮೋಸವಿತ್ತು. 1990ರ ದಶಕದ ಮಧ್ಯದಲ್ಲಿ ಕೆಲವು 486 ಮದರ್‌ಬೋರ್ಡ್‌ಗಳಲ್ಲಿ ಕ್ಯಾಶ್ ಮೆಮೊರಿ ಚಿಪ್ ಇರಬೇಕಾದ ಜಾಗದಲ್ಲಿ ಒಳಗೇನೂ ಇಲ್ಲದ ಪ್ಲಾಸ್ಟಿಕ್ ತುಂಡುಗಳನ್ನು ಕೂರಿಸಿದ್ದರು. ಪರದೆಯ ಮೇಲೆ ಮಾತ್ರ “ಕ್ಯಾಶ್ ಇದೆ” ಎಂದು ತೋರಿಸುವಂತೆ ಬಯೋಸನ್ನು ತಿದ್ದಿದ್ದರು. ಕಡಿಮೆ ವೇಗದ ಪ್ರೊಸೆಸರ್ ಮೇಲಿನ ಅಕ್ಷರ ಅಳಿಸಿ, ಹೆಚ್ಚು ವೇಗದ್ದೆಂದು ಮುದ್ರಿಸಿ ಮಾರಿದ್ದೂ ಉಂಟು.

ಹಾಗಾಗಿ ಜೋಡಿಸಿದ್ದು ಎನ್ನುವುದು ದೋಷವಲ್ಲ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ನಿಮ್ಮ ಕಣ್ಣೆದುರೇ ಒಳ್ಳೆಯ ಭಾಗ ಹಾಕಿ ಜೋಡಿಸಿಕೊಡುವ ಅಂಗಡಿಗಳಿವೆ. ನೋಡಬೇಕಾದದ್ದು ಏನನ್ನು ಜೋಡಿಸಿದ್ದಾರೆ ಎನ್ನುವುದನ್ನು.

‘ಐ7’ ಎಂಬ ಹೆಸರಿನ ಹಿಂದೆ ಏನಿದೆ?

ಇಂಟೆಲ್ ಮೊದಲ ಕೋರ್ ಐ7 ಚಿಪ್ ಬಿಡುಗಡೆ ಮಾಡಿದ್ದು 2008ರಲ್ಲಿ. ಅಲ್ಲಿಂದ ಈಚೆಗೆ ಹತ್ತಾರು ಬಗೆಯ ಐ7 ಬಂದುಹೋಗಿವೆ. ಬರೀ ‘ಐ7’ ಎನ್ನುವುದು, ಬಸ್ಸನ್ನು ‘ರಾಜಹಂಸ’ ಎಂದು ಕರೆದು ಅದು ಎಷ್ಟು ವರ್ಷ ಓಡಿದೆ ಎಂದು ಹೇಳದಿದ್ದ ಹಾಗೆ.

ವಯಸ್ಸು ತಿಳಿಯಲು ಪೂರ್ತಿ ಮಾಡೆಲ್ ನಂಬರ್ ಬೇಕು. ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಅಡ್ಡಗೆರೆಯ ನಂತರ ನಾಲ್ಕು ಅಂಕಿ ಇದ್ದರೆ ಮೊದಲ ಅಂಕಿ ಅದರ ತಲೆಮಾರು. ಐದು ಅಂಕಿ ಇದ್ದರೆ ಮೊದಲ ಎರಡು. ಐ7-2600 ಎಂದರೆ ಎರಡನೇ ತಲೆಮಾರು, 2011ರದ್ದು. ಐ7-3770 ಮೂರನೆಯದು, 2012ರದ್ದು. ಐ3-12100 ಹನ್ನೆರಡನೆಯದು, 2022ರದ್ದು. ತೀರ ಕಡಿಮೆ ಬೆಲೆಯ ‘ಐ7 ಡೆಸ್ಕ್‌ಟಾಪ್’ಗಳಲ್ಲಿ ಹೆಚ್ಚಾಗಿ ಸಿಗುವುದು ಮೊದಲ ಮೂರು-ನಾಲ್ಕು ತಲೆಮಾರಿನ ಚಿಪ್‌ಗಳು.

ಈಗ ಹೋಲಿಸಿ ನೋಡಿ. 2011ರ ಐ7-2600ರಲ್ಲಿ 4 ಕೋರ್, 8 ಥ್ರೆಡ್. 2022ರ ಐ3-12100ರಲ್ಲೂ ಅಷ್ಟೇ. ಆದರೆ ಸಾಮಾನ್ಯ ವೇಗ ಪರೀಕ್ಷೆಗಳಲ್ಲಿ ‘ಚಿಕ್ಕ’ ಐ3 ಸುಮಾರು ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು ಕೆಲಸ ಮಾಡುತ್ತದೆ. ಹೊಸ ಐ3 ಎದುರು ಹಳೆ ಐ7 ಸೋಲುತ್ತದೆ. ಹೆಸರಿನಲ್ಲಿರುವ 3, 5, 7 ಎಂಬ ಅಂಕಿಗಳನ್ನು ಒಂದೇ ತಲೆಮಾರಿನ ಒಳಗೆ ಹೋಲಿಸಬೇಕೇ ಹೊರತು ತಲೆಮಾರುಗಳ ನಡುವೆ ಅಲ್ಲ.

ಹಳೆಯ ಚಿಪ್‌ಗೆ ಇನ್ನೊಂದು ತೊಡಕಿದೆ. ವಿಂಡೋಸ್ 11 ಓಡಿಸಲು ಮೈಕ್ರೋಸಾಫ್ಟ್ ಹಾಕಿರುವ ನಿಯಮದ ಪ್ರಕಾರ ಸಾಮಾನ್ಯವಾಗಿ ಇಂಟೆಲ್ ಎಂಟನೇ ತಲೆಮಾರು ಅಥವಾ ಎಎಂಡಿ ರೈಜನ್ 2000 ಸರಣಿ, ಅಥವಾ ಅದರ ನಂತರದ ಚಿಪ್ ಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆ ಐ7 ಕೊಂಡವರು ಒಂದೋ ಬೆಂಬಲ ಮುಗಿದ ವಿಂಡೋಸ್ ಬಳಸಬೇಕು, ಇಲ್ಲವೇ ನಿಯಮ ತಪ್ಪಿಸಿ ಹಾಕಿದ ವಿಂಡೋಸ್ 11 ಬಳಸಬೇಕು, ಇಲ್ಲವೇ ಲಿನಕ್ಸ್‌ಗೆ ಹೋಗಬೇಕು. ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಜಿಬಿ ಜಾಸ್ತಿ ಇದ್ದರೆ ವೇಗವೂ ಜಾಸ್ತಿಯೇ?

ರ್‍ಯಾಮ್: 16 ಜಿಬಿ ಒಳ್ಳೆಯ ಪ್ರಮಾಣವೇ. ಆದರೆ ಯಾವ ಬಗೆಯದು ಎಂದು ಕೇಳಿ. ಡಿಡಿಆರ್3 ಹಳೆಯದು, ಡಿಡಿಆರ್4 ಮತ್ತು ಡಿಡಿಆರ್5 ಹೊಸವು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್3 ಬೋರ್ಡ್ ಕೊಂಡರೆ ಮುಂದೆ ಅಪ್‌ಗ್ರೇಡ್ ಮಾಡುವ ದಾರಿ ಹೆಚ್ಚುಕಡಿಮೆ ಮುಚ್ಚಿದ ಹಾಗೆ.

ಡಿಸ್ಕ್: ಜಾಹೀರಾತಿನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ದೊಡ್ಡದಾಗಿ ಕಾಣುತ್ತದೆ. ಆದರೆ ಹಾರ್ಡ್ ಡಿಸ್ಕ್‌ನೊಳಗೆ ತಿರುಗುವ ತಟ್ಟೆಯ ಮೇಲೆ ಸೂಜಿಯಂಥ ಭಾಗವೊಂದು ಓಡಾಡಿ ಮಾಹಿತಿ ಹುಡುಕಬೇಕು. ಪ್ರತಿ ಹುಡುಕಾಟಕ್ಕೂ ಸುಮಾರು 10 ಮಿಲಿಸೆಕೆಂಡ್ ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದೇ ಕೆಲಸ ಸುಮಾರು ನೂರು ಪಟ್ಟು ಬೇಗ ಮುಗಿಯುತ್ತದೆ. ದಿನಬಳಕೆಗೆ 1 ಟಿಬಿ ಹಳೆ ಹಾರ್ಡ್ ಡಿಸ್ಕ್‌ಗಿಂತ 256 ಜಿಬಿ ಎಸ್‌ಎಸ್‌ಡಿ ಎಷ್ಟೋ ಮೇಲು.

ಇಲ್ಲೊಂದು ತಪ್ಪು ತಿಳಿವಳಿಕೆಯೂ ಇದೆ. 256 ಜಿಬಿ ಎಸ್‌ಎಸ್‌ಡಿಯನ್ನು ವಿಂಡೋಸ್ 238 ಜಿಬಿ ಎಂದು, 1 ಟಿಬಿಯನ್ನು 931 ಜಿಬಿ ಎಂದು ತೋರಿಸುತ್ತದೆ. ಇದು ಮೋಸವಲ್ಲ. ತಯಾರಕರು 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ. ವಿಂಡೋಸ್ ಲೆಕ್ಕದಲ್ಲಿ ಅದು ಸುಮಾರು 107 ಕೋಟಿ ಬೈಟ್. ಅಳತೆಗೋಲು ಬೇರೆ, ಅಷ್ಟೇ.

ಗ್ರಾಫಿಕ್ಸ್ ಕಾರ್ಡ್: ‘2 ಜಿಬಿ’ ಎನ್ನುವುದು ಕಾರ್ಡಿನ ಮೆಮೊರಿ ಮಾತ್ರ, ಶಕ್ತಿಯಲ್ಲ. 2012ರ ಜಿಟಿ 610, 2014ರ ಜಿಟಿ 730 ಕಾರ್ಡ್‌ಗಳಲ್ಲೂ 2 ಜಿಬಿ ಮೆಮೊರಿ ಸಿಗುತ್ತದೆ. ಅವುಗಳ ಮೇಲೆ ಇವತ್ತಿನ ದೊಡ್ಡ ಆಟಗಳನ್ನು ಆಡುವುದು ಕಷ್ಟ. ಮಾಡೆಲ್ ಹೆಸರು ಹೇಳದ ‘ಗೇಮಿಂಗ್ ಪಿಸಿ’ ಜಾಹೀರಾತನ್ನು ಹಾಗೇ ಬಿಟ್ಟುಬಿಡಿ.

ಜಾಹೀರಾತಿನಲ್ಲಿ ಕಾಣದ ಭಾಗ: ಎಸ್‌ಎಂಪಿಎಸ್

ಗೋಡೆಯ ಪ್ಲಗ್‌ನಿಂದ ಬರುವ 230 ವೋಲ್ಟ್ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟ್‌ಗೆ ಇಳಿಸಿಕೊಡುವ ಡಬ್ಬಿಯೇ ಎಸ್‌ಎಂಪಿಎಸ್. ಬೆಲೆ ಇಳಿಸಲು ಮೊದಲು ಕತ್ತರಿ ಬೀಳುವುದು ಇದಕ್ಕೇ, ಏಕೆಂದರೆ ಕೊಳ್ಳುವವರು ಇದರ ಬಗ್ಗೆ ಕೇಳುವುದೇ ಇಲ್ಲ. ಇದು ಕೆಟ್ಟರೆ ಒಂದೇ ಹೋಗುವುದಿಲ್ಲ, ಕೆಲವೊಮ್ಮೆ ಮದರ್‌ಬೋರ್ಡ್, ಡಿಸ್ಕ್ ಎರಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಡಿಸ್ಕ್ ಹೋದರೆ ಅದರಲ್ಲಿದ್ದ ಫೋಟೊ, ಪ್ರಾಜೆಕ್ಟ್ ಎಲ್ಲವೂ ಹೋದ ಹಾಗೆ.

ಡಬ್ಬಿಯ ಮೇಲೆ ‘450 ವ್ಯಾಟ್’ ಎಂದು ಬರೆದಿದ್ದರೆ ನಂಬುವ ಮುಂಚೆ ಪಕ್ಕದ ಲೇಬಲ್ ಓದಿ. ಈಗಿನ ಕಂಪ್ಯೂಟರಿನ ಪ್ರೊಸೆಸರ್, ಗ್ರಾಫಿಕ್ಸ್ ಎರಡಕ್ಕೂ ಮುಖ್ಯವಾಗಿ ಬೇಕಾದದ್ದು 12 ವೋಲ್ಟ್ ಲೈನ್. ಅಲ್ಲಿ ಎಷ್ಟು ಆಂಪಿಯರ್ ಇದೆ ಎಂದು ನೋಡಿ, 12ರಿಂದ ಗುಣಿಸಿ. ಉದಾಹರಣೆಗೆ 12 ಆಂಪಿಯರ್ ಎಂದಿದ್ದರೆ 12 × 12 = 144 ವ್ಯಾಟ್. ಹೆಸರಿಗೆ 450, ನಿಜವಾಗಿ ಬೇಕಾದ ಕಡೆ ಸಿಗುವುದು 144! ಒಳ್ಳೆಯ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಈ ಅಂಕಿ 35 ಆಂಪಿಯರ್ ಆಸುಪಾಸು ಇರುತ್ತದೆ. ‘80 ಪ್ಲಸ್’ ಗುರುತು ಇದ್ದರೆ ಇನ್ನೂ ಒಳ್ಳೆಯದು. ಒಳಗೆ ಹೋದ ವಿದ್ಯುತ್ತಿನಲ್ಲಿ ಕನಿಷ್ಠ 80 ಶೇಕಡಾ ಕೆಲಸಕ್ಕೆ ಬರುತ್ತದೆ, ಬಿಸಿಯಾಗಿ ಪೋಲಾಗುವುದು ಕಡಿಮೆ ಎಂದು ಅದರ ಅರ್ಥ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆಯೇ? ಕೂಡಲೇ ಕಂಪ್ಯೂಟರನ್ನು ಬೈಯಬೇಡಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಅತಿ ಸಣ್ಣ ಕರೆಂಟ್ ಲೋಹದ ಪೆಟ್ಟಿಗೆಗೆ ಬರುತ್ತದೆ, ಅದು ಅರ್ಥಿಂಗ್ ಮೂಲಕ ನೆಲಕ್ಕೆ ಇಳಿಯಬೇಕು. ಮನೆಯಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ನಿಮ್ಮ ಕೈಗೆ ತಾಗುತ್ತದೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಶಾಕ್ ಜೋರಾಗಿದ್ದರೆ ಪ್ಲಗ್ ತೆಗೆದಿಟ್ಟು, ಪರೀಕ್ಷಿಸುವವರೆಗೂ ಬಳಸಬೇಡಿ.

‘ವಿಂಡೋಸ್ ಫ್ರೀ’ ಎಂದರೆ?

“ವಿಂಡೋಸ್, ಆಫೀಸ್, ಆಂಟಿವೈರಸ್ ಎಲ್ಲಾ ಲೈಫ್‌ಟೈಂ ಫ್ರೀ” ಎಂದಿದ್ದರೆ ಎಚ್ಚರ. ವಿಂಡೋಸ್‌ನ ಅಸಲಿ ಲೈಸೆನ್ಸ್‌ಗೇ ಸಾವಿರಾರು ರೂಪಾಯಿ ಆಗುತ್ತದೆ. ಇಡೀ ಕಂಪ್ಯೂಟರ್ ಹದಿನಾಲ್ಕು ಸಾವಿರ ಎಂದರೆ ಲೈಸೆನ್ಸ್ ಹಣ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಹಳೆಯ ಕಂಪನಿ ಕಂಪ್ಯೂಟರಿನ ಜೊತೆಗೇ ಬಂದ ಲೈಸೆನ್ಸ್ ಇರಬಹುದು, ಅದು ಸರಿ. ಆದರೆ ‘ಆ್ಯಕ್ಟಿವೇಟರ್’ ಎಂಬ ಕಳ್ಳ ತಂತ್ರಾಂಶ ಹಾಕಿ ಚಾಲೂ ಮಾಡಿದ್ದರೆ, ಅದರ ಜೊತೆಗೆ ಪಾಸ್‌ವರ್ಡ್ ಕದಿಯುವ ಮಾಲ್‌ವೇರ್ ಕೂಡ ಬಂದಿರಬಹುದು. ಅನುಮಾನವಿದ್ದರೆ ಡಿಸ್ಕನ್ನು ಪೂರ್ತಿ ಅಳಿಸಿ, ಅಧಿಕೃತ ವಿಂಡೋಸ್ ಅಥವಾ ಉಚಿತವಾದ ಉಬುಂಟುವಿನಂಥ ಲಿನಕ್ಸ್ ಹೊಸದಾಗಿ ಹಾಕಿಸಿಕೊಳ್ಳಿ. ಬ್ರೌಸರ್, ಟೈಪಿಂಗ್, ಆನ್‌ಲೈನ್ ಪಾಠಕ್ಕೆ ಲಿನಕ್ಸ್ ಸಾಕು.

ಆರ್ಡರ್ ಮಾಡುವ ಮುಂಚೆ ಕೇಳಬೇಕಾದ ಏಳು ಪ್ರಶ್ನೆ

1. ಪ್ರೊಸೆಸರ್‌ನ ಪೂರ್ತಿ ಮಾಡೆಲ್ ನಂಬರ್ ಏನು?
2. ಮದರ್‌ಬೋರ್ಡ್ ಯಾವ ಕಂಪನಿಯ ಯಾವ ಮಾಡೆಲ್? ರ್‍ಯಾಮ್ ಡಿಡಿಆರ್ ಎಷ್ಟು?
3. ಡಿಸ್ಕ್ ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ? ಹೊಸದೋ ಬಳಸಿದ್ದೋ?
4. ಎಸ್‌ಎಂಪಿಎಸ್ ಯಾವುದು? 12 ವೋಲ್ಟ್‌ನಲ್ಲಿ ಎಷ್ಟು ಆಂಪಿಯರ್?
5. ವಿಂಡೋಸ್ ಲೈಸೆನ್ಸ್ ಇದೆಯೇ?
6. ವಾರಂಟಿ ಯಾರು ಕೊಡುತ್ತಾರೆ? ಕೆಟ್ಟರೆ ಮನೆಗೆ ಬರುತ್ತಾರೋ, ನಾವೇ ಪಾರ್ಸೆಲ್ ಕಳಿಸಬೇಕೋ? ಖರ್ಚು ಯಾರದು?
7. ಜಿಎಸ್‌ಟಿ ಬಿಲ್ ಕೊಡುತ್ತೀರಾ? ಬಿಲ್‌ನಲ್ಲಿ ಪ್ರತಿ ಭಾಗದ ಹೆಸರು ಬರೆಯುತ್ತೀರಾ?

ಉತ್ತರವನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ಬರಹದಲ್ಲಿ ಪಡೆಯಿರಿ. ಪ್ರಾಮಾಣಿಕ ಮಾರಾಟಗಾರ ಈ ಏಳಕ್ಕೂ ಐದು ನಿಮಿಷದಲ್ಲಿ ಉತ್ತರಿಸುತ್ತಾನೆ. “ಎಲ್ಲಾ ಒಳ್ಳೇದೇ ಹಾಕಿದೀವಿ ಸಾರ್” ಎನ್ನುವುದು ಉತ್ತರವಲ್ಲ.

ಬಾಕ್ಸ್ ಮನೆಗೆ ಬಂದ ಮೇಲೆ

ವಾಪಸ್ ಕೊಡುವ ಅವಧಿ ಕೆಲವೇ ದಿನ ಇರುತ್ತದೆ. “ಹಬ್ಬ ಮುಗಿಯಲಿ, ಆಮೇಲೆ ನೋಡೋಣ” ಎಂದು ಇಡಬೇಡಿ.

ಬಾಕ್ಸ್ ತೆರೆಯುವಾಗ ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ವಿಡಿಯೊ ಮಾಡಿ. ವಿಳಾಸದ ಚೀಟಿ, ಸೀಲ್, ಪ್ರತಿ ಭಾಗದ ಸೀರಿಯಲ್ ನಂಬರ್ ಅದರಲ್ಲಿ ಕಾಣಲಿ. ಮಾನಿಟರ್ ಮೇಲೆ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅದು ಅಸಲಿಯೇ ಎಂದು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರೀಕ್ಷಿಸಬಹುದು.

ಆನ್ ಮಾಡಿದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ‘ಪರ್ಫಾಮೆನ್ಸ್’ ಭಾಗದಲ್ಲಿ ಪ್ರೊಸೆಸರ್, ರ್‍ಯಾಮ್, ಡಿಸ್ಕ್ ವಿವರ ಕಾಣುತ್ತದೆ. ಆದರೆ ವಿಂಡೋಸ್ ತೋರಿಸುವ ಪ್ರೊಸೆಸರ್ ಹೆಸರನ್ನು ತಿದ್ದಲು ಸಾಧ್ಯ. ಹಿಂದೆ ನಕಲಿ ಕ್ಯಾಶ್ ಮೆಮೊರಿಯ ವಿಷಯದಲ್ಲಿ ಆಗಿದ್ದು ಇದೇ. ಆದ್ದರಿಂದ ಚಿಪ್ ಜೊತೆ ನೇರವಾಗಿ ‘ಮಾತಾಡಿ’ ವಿವರ ತೆಗೆಯುವ ಉಚಿತ ತಂತ್ರಾಂಶಗಳಿಂದಲೂ ನೋಡಿ. ಪ್ರೊಸೆಸರ್, ರ್‍ಯಾಮ್‌ಗೆ ಸಿಪಿಯು-ಝಡ್. ಗ್ರಾಫಿಕ್ಸ್ ಕಾರ್ಡ್‌ಗೆ ಜಿಪಿಯು-ಝಡ್, ಇದು ಹಲವು ನಕಲಿ ಕಾರ್ಡ್‌ಗಳನ್ನು ಗುರುತಿಸಿ ‘ಫೇಕ್’ ಎಂದೇ ತೋರಿಸುತ್ತದೆ. ಡಿಸ್ಕ್‌ಗೆ ಕ್ರಿಸ್ಟಲ್ ಡಿಸ್ಕ್ ಇನ್ಫೊ. ಅದರಲ್ಲಿ ‘ಪವರ್ ಆನ್ ಅವರ್ಸ್’ ಎಂಬ ಸಾಲು ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ಹೇಳುತ್ತದೆ. ಹೊಸದೆಂದು ಕೊಟ್ಟ ಡಿಸ್ಕ್ 20,000 ಗಂಟೆ ಓಡಿದ್ದರೆ ಅದು ಎರಡು ವರ್ಷಕ್ಕೂ ಹೆಚ್ಚು ಕಾಲ ಹಗಲು-ರಾತ್ರಿ ದುಡಿದಿದೆ ಎಂದರ್ಥ. ಈ ತಂತ್ರಾಂಶಗಳನ್ನು ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ಕೊನೆಗೆ ಒಂದೆರಡು ಗಂಟೆ ವಿಡಿಯೊ ಓಡಿಸಿ, ಹತ್ತಿಪ್ಪತ್ತು ಟ್ಯಾಬ್ ತೆರೆದು ಕೆಲಸ ಕೊಡಿ. ತಾನಾಗಿ ಆಫ್ ಆದರೆ, ನೀಲಿ ಪರದೆ ಬಂದರೆ, ಸುಟ್ಟ ವಾಸನೆ ಬಂದರೆ ಪ್ಲಗ್ ತೆಗೆದು ಅದೇ ದಿನ ದೂರು ಕೊಡಿ.

ಮೋಸ ಹೋದರೆ?

“ಆನ್‌ಲೈನ್‌ನಲ್ಲಿ ತಗೊಂಡ್ರೆ ಯಾರನ್ನೂ ಕೇಳೋಕಾಗಲ್ಲ” ಎನ್ನುವುದು ತಪ್ಪು. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ವಸ್ತು ದೋಷದಿಂದ ಕೂಡಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಅದನ್ನು ವಾಪಸ್ ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ದೂರು ಸಿಕ್ಕಿದೆ ಎಂದು ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆಗ ನಿಮ್ಮ ಬಿಲ್, ಜಾಹೀರಾತಿನ ಸ್ಕ್ರೀನ್‌ಶಾಟ್, ಬಾಕ್ಸ್ ತೆರೆದ ವಿಡಿಯೊ ಇವೇ ಸಾಕ್ಷಿ. ಹಣ ಕಟ್ಟಿಸಿಕೊಂಡು ಮಾಲೇ ಕಳಿಸದೆ ಮಾಯವಾದರೆ ಅದು ಸೈಬರ್ ವಂಚನೆ. ತಡಮಾಡದೆ 1930ಕ್ಕೆ ಕರೆ ಮಾಡಿ.

ಹಾಗಾದರೆ ಕೊಳ್ಳಲೇಬಾರದೇ?

ಹಾಗೇನಿಲ್ಲ. ಟೈಪಿಂಗ್, ಇಂಟರ್ನೆಟ್, ಅಂಗಡಿಯ ಬಿಲ್ಲಿಂಗ್ ಇಷ್ಟೇ ಸಾಕು ಎಂದರೆ, “ಇದು ಹಳೆಯದು” ಎಂದು ಹೇಳಿಯೇ ಮಾರುವ ರಿಫರ್ಬಿಷ್ಡ್ ಕಂಪ್ಯೂಟರ್ ಒಳ್ಳೆಯ ಆಯ್ಕೆಯಾಗಬಹುದು. ದೊಡ್ಡ ಆಫೀಸುಗಳು ಕೆಲವು ವರ್ಷ ಬಳಸಿ ಬಿಟ್ಟ ಎಂಟನೇ ತಲೆಮಾರಿನ ಐ5, ಎಸ್‌ಎಸ್‌ಡಿ, ಒಂದು ವರ್ಷದ ವಾರಂಟಿ, ಬಿಲ್ ಇಷ್ಟು ಸಿಕ್ಕರೆ ಅದು ಹೆಸರಿಲ್ಲದ ಭಾಗ ಜೋಡಿಸಿದ ‘ಹೊಸ ಐ7’ಗಿಂತ ಮೇಲು. ವಿಡಿಯೊ ಎಡಿಟಿಂಗ್, ದೊಡ್ಡ ಆಟ, ಎಂಜಿನಿಯರಿಂಗ್ ತಂತ್ರಾಂಶ ಬೇಕಾದವರು ಮಾತ್ರ ಈ ಬೆಲೆಯ ಆಫರ್‌ಗಳಿಂದ ದೂರ ಇರಿ. ಇನ್ನೂ ಕೆಲವು ತಿಂಗಳು ಹಣ ಕೂಡಿಡುವುದೇ ಲಾಭ.

ಮುಂದಿನ ಸಲ “ಆಫರ್ ಇವತ್ತೇ ಕೊನೆ” ಎಂಬ ಸಂದೇಶ ಗ್ರೂಪಿಗೆ ಬಂದರೆ ಅದನ್ನು ಮುಂದಕ್ಕೆ ತಳ್ಳುವ ಮುಂಚೆ ಅದರ ಕೆಳಗೆ ಒಂದೇ ಪ್ರಶ್ನೆ ಬರೆಯಿರಿ: “ಐ7 ಸರಿ, ಪೂರ್ತಿ ಮಾಡೆಲ್ ನಂಬರ್ ಎಷ್ಟು?” ಉತ್ತರ ಬಂದರೆ ಉಳಿದ ಆರು ಪ್ರಶ್ನೆಗಳನ್ನೂ ಕೇಳಿ. ಬರದಿದ್ದರೆ, ಆ ಗ್ರೂಪಿನಲ್ಲಿ ಯಾರದೋ ಹದಿನಾಲ್ಕು ಸಾವಿರ ರೂಪಾಯಿ ಉಳಿಯಿತು.